ವಾರಿಜಾಳ ಕುರ್ಚಿ ಶೂಟಿಂಗಿಗೆ ಹೋದದ್ದು

ನಿಮ್ಮ ಮನೆಯ ಬಾಗಿಲಿಗೆ ಎಷ್ಟು ಮೆಟ್ಟಿಲು ಎಂದು ಯಾರಾದರೂ ಕೇಳಿದರೆ ತಟ್ಟನೆ ಹೇಳುವವರು ಕಡಿಮೆ. ದಿನಕ್ಕೆ ಹತ್ತು ಸಲ ಹತ್ತಿಳಿಯುವವರಿಗೆ ಮೆಟ್ಟಿಲು ಕಣ್ಣಿಗೇ ಬೀಳುವುದಿಲ್ಲ. ಮುಂಬಯಿಯ ಅಂಧೇರಿಯಲ್ಲಿ, ಸಾಲುಕೋಣೆಗಳ ಒಂದು ಚಾಳಿನಲ್ಲಿ ಮಾತ್ರ ಅದನ್ನು ನಿದ್ದೆಗಣ್ಣಿನಲ್ಲೂ ಹೇಳಬಲ್ಲವಳು ಒಬ್ಬಳಿದ್ದಳು. ಹೆಸರು ವಾರಿಜಾ, ವಯಸ್ಸು ಇಪ್ಪತ್ತಾರು. ಅವಳಿದ್ದ ಚಾಳಿನ ಪಡಸಾಲೆಯ ತುದಿಗೆ ಮೂರು ಮೆಟ್ಟಿಲು. ಆ ಮೂರನ್ನು ಇಳಿದು ಅವಳು ರಸ್ತೆ ಕಂಡು ವರ್ಷದ ಮೇಲಾಗಿತ್ತು.

ಉಡುಪಿ ಕಡೆಯ ಹಳ್ಳಿಯಲ್ಲಿ ಹುಟ್ಟಿದವಳು. ನಾಲ್ಕು ವರ್ಷದವಳಿದ್ದಾಗ ಜ್ವರ ಬಂತು. ಜ್ವರವೇನೋ ಬಿಟ್ಟಿತು, ಆದರೆ ಎರಡು ಕಾಲಿನ ಬಲವನ್ನೂ ತೆಗೆದುಕೊಂಡು ಹೋಯಿತು. ತಂದೆತಾಯಿ ತೀರಿದ ಮೇಲೆ ಅಣ್ಣ ಮೋನಪ್ಪ ಅವಳನ್ನು ಬೆನ್ನ ಮೇಲೆ ಹೊತ್ತೇ ಮಂಗಳೂರಿನಿಂದ ಹಡಗು ಹತ್ತಿ ಮುಂಬಯಿಗೆ ಬಂದ. ಹೋಟೆಲುಗಳಲ್ಲಿ ಲೋಟ ತೊಳೆದು, ದೋಸೆ ಹುಯ್ದು, ಕೊನೆಗೆ ಅಂಧೇರಿಯ ಒಂದು ಸಿನಿಮಾ ಸ್ಟುಡಿಯೊದಲ್ಲಿ ಕ್ಯಾಂಟೀನು ಹಿಡಿದ. ಆಗ ಅವಳಿಗೆ ಹದಿನೆಂಟು. ತಂಗಿಯ ಮೇಲೆ ಅವನಿಗೆ ಜೀವ. ಅವಳಿಗೆ ಬಾಯಾರಿಕೆ ಆಗುವ ಮೊದಲೇ ನೀರು ತಂದಿಡುವ ಅಣ್ಣ. ಅವನ ಪ್ರೀತಿಯಲ್ಲಿ ದೋಷವಿದ್ದದ್ದು ಅಲ್ಲೇ, ಬಾಯಾರಿಕೆ ಆಗಿದೆಯಾ ಎಂದು ಅವನು ಒಂದು ದಿನವೂ ಕೇಳಿದವನಲ್ಲ.

ಚಾಳಿನ ಕೊನೆಯ ಕೋಣೆಯಲ್ಲಿ ಕೌಸಲ್ಯಾ ಎಂಬ ನರ್ಸ್ ಇದ್ದಳು. ಮೈಸೂರಿನವಳು, ಆಸ್ಪತ್ರೆಯ ಎಲುಬಿನ ವಾರ್ಡಿನಲ್ಲಿ ಕೆಲಸ. ಆಸ್ಪತ್ರೆಯವರು ಹಳೆಯದೆಂದು ಮೂಲೆಗೆ ತಳ್ಳಿದ್ದ ಗಾಲಿಕುರ್ಚಿಯೊಂದನ್ನು ಬೇಡಿ ತಂದು, ಸೈಕಲ್ ಅಂಗಡಿಯವನಿಂದ ಗಾಲಿ ಸರಿ ಮಾಡಿಸಿ ವಾರಿಜಾಳಿಗೆ ಕೊಟ್ಟಿದ್ದಳು. ಮರದ ಕೈ, ಬೆತ್ತದ ಆಸನ, ಕೈಯಿಂದ ತಿರುಗಿಸಿಕೊಳ್ಳಲು ಗಾಲಿಯ ಹೊರಗೊಂದು ಕಬ್ಬಿಣದ ಬಳೆ. ವಾರಿಜಾ ಒಂದೇ ವಾರದಲ್ಲಿ ಚಾಳಿನ ಉದ್ದದ ಪಡಸಾಲೆಯಲ್ಲಿ ಅದನ್ನು ಬೇಕಾದ ಹಾಗೆ ಓಡಿಸಲು ಕಲಿತಳು. ಆದರೆ ಪಡಸಾಲೆ ಮುಗಿದಲ್ಲಿ ಮೂರು ಮೆಟ್ಟಿಲು ಇತ್ತಲ್ಲ, ಸವಾರಿ ಅಲ್ಲಿಗೇ ನಿಲ್ಲುತ್ತಿತ್ತು. ಮೋನಪ್ಪ ಶುಕ್ರವಾರಕ್ಕೊಮ್ಮೆ ಆ ಕುರ್ಚಿಗೆ ಎಣ್ಣೆ ಬಿಡುತ್ತಿದ್ದ. ಆಯುಧಪೂಜೆಗೆ ಕುಂಕುಮ ಹಚ್ಚಿ, ಹೂ ಮುಡಿಸಿ, ಆರತಿ ಎತ್ತಿದ. ಹೊರಗೆ ಒಯ್ದರೆ ಗಾಲಿ ಸವೆಯುತ್ತದೆಂದು ಒಯ್ಯಲಿಲ್ಲ.

ವಾರಿಜಾಳ ಕೈಯಲ್ಲಿ ಸೂಜಿ ಇದ್ದರೆ ಅದು ಮಾತಾಡುತ್ತಿತ್ತು. ಕ್ಯಾಂಟೀನಿನ ಗಣಪತಿ ಪಟಕ್ಕೆ ಅವಳೊಂದು ಚಮಕಿ ಕೆಲಸದ ಪರದೆ ಹೊಲಿದು ಕೊಟ್ಟಿದ್ದಳು. ಸ್ಟುಡಿಯೊದ ಉಡುಪು ವಿಭಾಗದ ಟೇಲರ್ ಮಾಸ್ತರ್ ನೀಲಕಂಠಪ್ಪ ದಿನಾ ಚಹಾ ಕುಡಿಯುವಾಗ ದೇವರಿಗಿಂತ ಹೆಚ್ಚಾಗಿ ಆ ಪರದೆಯನ್ನೇ ನೋಡುತ್ತಿದ್ದ. ಒಂದು ದಿನ ಕೇಳಿಯೇಬಿಟ್ಟ, ಇದು ಯಾರ ಕೈ ಎಂದು. ತಂಗಿಯದೆಂದು ತಿಳಿದಾಗ, ಕುಣಿಯುವ ಹುಡುಗಿಯರ ರವಿಕೆಗಳಿಗೆ ಚಮಕಿ ಹೊಲಿಯುವವರು ತನಗೆ ಬೇಕಾಗಿದ್ದಾರೆ, ಬರುವ ಶನಿವಾರ ಅವಳನ್ನು ಕರೆದುಕೊಂಡು ಬಾ ಎಂದ. ಆ ಶನಿವಾರ ಕೆಲಸಗಾರರ ಮನೆಯವರಿಗೆಲ್ಲ ಸ್ಟುಡಿಯೊ ತೋರಿಸುವ ದಿನ, ವರ್ಷಕ್ಕೆ ಒಂದೇ ಸಲ ಬರುವಂಥದ್ದು. ಆದರೆ ನಾಲ್ಕು ಗಂಟೆಯ ಒಳಗೆ ಬರಬೇಕು, ನಾಲ್ಕಕ್ಕೆ ಮಾಸ್ತರ್ ಉಡುಪಿನ ಪೆಟ್ಟಿಗೆಗಳ ಜೊತೆ ಕೊಲ್ಹಾಪುರಕ್ಕೆ ಹೊರಡುವವನು. ಅಷ್ಟರಲ್ಲಿ ಯಾರೂ ಸಿಗದಿದ್ದರೆ ಕುರ್ಲಾದ ಹೊಲಿಗೆಯವರಿಗೆ ಕೆಲಸ ಒಪ್ಪಿಸಿ ಹೋಗುತ್ತೇನೆ ಎಂದಿದ್ದ.

ಮೋನಪ್ಪ ಮನೆಗೆ ಬಂದು ಇದನ್ನು ಹೇಳಿದ್ದು ಹೆಮ್ಮೆಯಿಂದಲೇ. ಹಾವೂ ಸಾಯದ ಕೋಲೂ ಮುರಿಯದ ಉಪಾಯವನ್ನೂ ಅವನೇ ಹುಡುಕಿದ್ದ: ವಾರಿಜಾ ಹೊಲಿದ ಬಟ್ಟೆ ನಾಲ್ಕನ್ನು ತಾನೇ ಒಯ್ದು ತೋರಿಸುವುದು.

"ಬಟ್ಟೆ ಬೇಡ ಅಣ್ಣ," ಎಂದಳು ವಾರಿಜಾ. "ನಾನೇ ಬರುತ್ತೇನೆ."

ಮೋನಪ್ಪ ಹೆಂಡತಿ ಸೇವಂತಿಯ ಮುಖ ನೋಡಿದ. ಸೇವಂತಿ ಕೆಟ್ಟವಳಲ್ಲ. ನಾದಿನಿಯ ತಲೆ ಬಾಚಿ ಜಡೆ ಹಾಕದೆ ತಾನು ಊಟಕ್ಕೆ ಕೂರುವವಳೇ ಅಲ್ಲ. ಆದರೆ ಜನರ ಬಾಯಿಗೆ ಅವಳು ಹೆದರುತ್ತಿದ್ದಳು. ದಾರಿಯುದ್ದಕ್ಕೂ ಎಲ್ಲರೂ ನಿಂತು ನೋಡುತ್ತಾರೆ, ಪಾಪ ಪಾಪ ಎಂದು ತಲೆ ತಿನ್ನುತ್ತಾರೆ, ಅಷ್ಟು ಜನರ ನಡುವೆ ಇವಳನ್ನು ಎಲ್ಲಿ ಕೂರಿಸುವುದು, ಬಂದು ಎಲ್ಲ ಕತೆ ಹೇಳುತ್ತೇವಲ್ಲ ಎಂದಳು. ಮೋನಪ್ಪ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಹೋಗಲೇಬೇಕಾದರೆ ತಾನೇ ಹೊತ್ತುಕೊಂಡು ಹೋಗುತ್ತೇನೆ ಎಂದ.

"ನೀನು ಹೊತ್ತುಕೊಂಡು ಹೋದರೆ ಮಾಸ್ತರು ನನ್ನ ಹೊಲಿಗೆ ನೋಡುವುದಿಲ್ಲ, ನಿನ್ನ ಬೆನ್ನು ನೋಡ್ತಾರೆ. ಮಗುವಿನ ಹಾಗೆ ಬಂದವಳಿಗೆ ಯಾರಾದರೂ ಕೆಲಸ ಕೊಡುವುದುಂಟಾ?"

ಮೋನಪ್ಪ ನೋಡುವ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಎದ್ದ. ಅಷ್ಟರಲ್ಲಿ ಡ್ಯೂಟಿ ಮುಗಿಸಿ ಬಂದ ಕೌಸಲ್ಯಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಅಲ್ಲ ಮೋನಪ್ಪನೋರೇ, ನಾನು ಆ ಕುರ್ಚಿ ತಂದ್ಕೊಟ್ಟಿದ್ದು ಆರತಿ ಎತ್ತೋಕಾ?"

"ಹಾಗಲ್ಲ ಸಿಸ್ಟರ್. ಮೂರು ಮೆಟ್ಟಿಲು ಉಂಟಲ್ಲ. ಇಳಿಸುವುದು ಹೇಗೆ?"

ಕೌಸಲ್ಯಾ ಹೇಳಿಕೊಟ್ಟಳು. ಎರಡು ಉದ್ದನೆಯ ಗಟ್ಟಿ ಹಲಗೆ ಬೇಕು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಹಲಗೆ ಇದ್ದರೆ ಕೂತವರು ತಾವೇ ಹತ್ತಬಹುದು. ಅಷ್ಟು ಜಾಗವಿಲ್ಲದ ಕಡೆ ಗಿಡ್ಡ ಹಲಗೆಯೂ ನಡೆಯುತ್ತದೆ, ಆದರೆ ಹಿಂದೆ ಗಟ್ಟಿ ಕೈಯವರು ಇರಬೇಕು. ಹತ್ತಿಸುವಾಗ ಮುಖ ಮುಂದೆ ಇರಲಿ. ಇಳಿಸುವಾಗ ಕುರ್ಚಿಯನ್ನು ಹಿಂದುಮುಂದು ಮಾಡಿ ಇಳಿಸಬೇಕು, ಇಲ್ಲವಾದರೆ ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಹಲಗೆ ಜಾರದಂತೆ ಕೆಳತುದಿಗೆ ಕಲ್ಲು ಕೊಡಬೇಕು. ಇಷ್ಟೇ ವಿದ್ಯೆ.

"ಇನ್ನೊಂದು ಮಾತು," ಎಂದಳು ಕೌಸಲ್ಯಾ. "ಮುಟ್ಟೋಕೆ ಮುಂಚೆ ಅವಳನ್ನ ಕೇಳಿ. ಅವಳನ್ನಾಗ್ಲಿ, ಕುರ್ಚಿನಾಗ್ಲಿ."

ಮನೆಯವರೊಳಗೆ ಕೇಳುವುದೆಂತ ಎಂದು ಮೋನಪ್ಪ ನಕ್ಕುಬಿಟ್ಟ. ಹಲಗೆಯ ಪಾಠ ಅವನ ತಲೆಗೆ ಹೋಯಿತು, ಆ ಕೊನೆಯ ಮಾತು ಮಾತ್ರ ಹೋಗಲಿಲ್ಲ.

ಶನಿವಾರ ಮಧ್ಯಾಹ್ನ ಕ್ಯಾಂಟೀನಿನ ಹಳೆಯ ಮೇಜಿನ ಹಲಗೆಗಳು ಚಾಳಿನ ಮೆಟ್ಟಿಲಿನ ಮೇಲೆ ಬಂದು ಕೂತವು. ಕೌಸಲ್ಯಾ ಹೇಳುತ್ತಾ ಹೋದಳು, ಮೋನಪ್ಪ ಹಿಂದುಮುಂದಾಗಿ ಇಳಿಸಿದ. ಮೂರು ಮೆಟ್ಟಿಲು ಮೂರು ಉಸಿರಿನಲ್ಲಿ ಮುಗಿಯಿತು. ಕೌಸಲ್ಯಾ ಡ್ಯೂಟಿಗೆ ಹೊತ್ತಾಯಿತೆಂದು ಸ್ಟೇಷನ್ನಿನ ದಾರಿ ಹಿಡಿದಳು. ವಾರಿಜಾ ಹೊಲಿಗೆಯ ಬಟ್ಟೆಗಳನ್ನು ಮಡಿಲಿನಲ್ಲಿಟ್ಟುಕೊಂಡು ರಸ್ತೆಯಲ್ಲಿ ಕುರ್ಚಿ ತಿರುಗಿಸಿಕೊಂಡಳು. ಜನ ನಿಂತು ನೋಡಿದ್ದು ಹೌದು. ವಾರಿಜಾಳೂ ಅವರನ್ನು ಬಿಟ್ಟ ಕಣ್ಣು ಬಿಟ್ಟಹಾಗೆ ನೋಡಿದಳು. ವರ್ಷದ ಮೇಲೆ ಜನರನ್ನು ನೋಡುತ್ತಿರುವವಳು, ಅವಳ ಕಣ್ಣಿಗೆ ಹಸಿವು ಜಾಸ್ತಿ. ಸೇವಂತಿ ತಲೆ ತಗ್ಗಿಸಿ ನಾಲ್ಕು ಹೆಜ್ಜೆ ಹಿಂದೆ ಬಂದಳು.

ಸ್ಟುಡಿಯೊದ ಒಳಗೆ ಹೋದ ಮೇಲೆ ಸೇವಂತಿಯ ತಲೆಯೂ ತಾನಾಗಿ ಮೇಲೆದ್ದಿತು. ಎದುರಿಗೆ ಅರಮನೆ. ಹಿಂದೆ ಹೋಗಿ ನೋಡಿದರೆ ಬರೀ ಗೋಣಿ ಮತ್ತು ಬಿದಿರು. ಗಾಲಿಯೇ ಇಲ್ಲದ ರೈಲು ಡಬ್ಬಿಯೊಂದನ್ನು ನಾಲ್ಕು ಮಂದಿ ಬೊಂಬು ಹಾಕಿ ಅಲುಗಿಸುತ್ತಿದ್ದರು, ಅದೇ ಪ್ರಯಾಣವಂತೆ. ಇನ್ನೊಂದು ಕಡೆ ತೂತಿನ ಕೊಳವೆಯಿಂದ ಮಳೆ ಸುರಿಸುತ್ತಿದ್ದರು. ಎಂಟು ವರ್ಷದಿಂದ ಅಣ್ಣ ಹೇಳಿದ ಕತೆಗಳೆಲ್ಲ ಕಣ್ಣಮುಂದೆ ನಿಂತಾಗ ವಾರಿಜಾ ಒಂದೊಂದರ ಮುಂದೆಯೂ ಕುರ್ಚಿ ನಿಲ್ಲಿಸಿ ಸಂತೋಷದಿಂದ ನೋಡಿದಳು. ಒಂದು ವಿಷಯ ಮಾತ್ರ ಅಣ್ಣ ಹೇಳಿರಲಿಲ್ಲ. ಇಲ್ಲಿ ಕ್ಯಾಮರಾ ನಡೆಯುವುದು ಗಾಲಿಯ ಮೇಲೆ. ಅದು ಹೋಗುವ ದಾರಿಯುದ್ದಕ್ಕೂ ಆಳುಗಳು ಮುಂದೆ ಮುಂದೆ ಹಲಗೆ ಹಾಸುತ್ತಾ ಹೋಗುತ್ತಾರೆ, ಒಂದು ಹಳ್ಳ ಸಿಗದಂತೆ, ಒಂದು ಕಲ್ಲು ತಾಗದಂತೆ. ವಾರಿಜಾ ಅದನ್ನು ಬಹಳ ಹೊತ್ತು ನೋಡುತ್ತಾ ಕೂತಳು. ಮನುಷ್ಯರು ಮನಸ್ಸು ಮಾಡಿದರೆ ಗಾಲಿಗೆ ಎಷ್ಟು ಮರ್ಯಾದೆ ಕೊಡುತ್ತಾರೆ ಎಂದು ಅವಳಿಗೆ ಹೊಟ್ಟೆಕಿಚ್ಚಾಯಿತು.

ಎರಡೂ ಮುಕ್ಕಾಲಿಗೆ ಅವರು ಮೂರನೆಯ ಫ್ಲೋರಿಗೆ, ಎಂದರೆ ಶೂಟಿಂಗ್ ನಡೆಯುವ ಮೂರನೆಯ ಶೆಡ್ಡಿಗೆ, ಬಂದರು. ಅಲ್ಲಿ ಆಸ್ಪತ್ರೆಯ ಸೀನು. ನೋಡಲು ಬಂದವರೆಲ್ಲ ಮುಂದೆ ಗೋಡೆಯಾಗಿ ನಿಂತಿದ್ದರು. ಕೂತಿದ್ದ ವಾರಿಜಾಳಿಗೆ ಕಂಡದ್ದು ಬೆನ್ನುಗಳ ಸಾಲು. ಅದು ಮೋನಪ್ಪನ ಕಣ್ಣಿಗೆ ಬಿತ್ತು. ಅವನು ಒಂದು ಮಾತೂ ಆಡದೆ ಅವಳನ್ನು ಎರಡೂ ಕೈಯಲ್ಲಿ ಎತ್ತಿ, ಗೋಡೆಯ ಬದಿಗಿದ್ದ ಎತ್ತರದ ಬೆಂಚಿನ ಮೇಲೆ ಕೂರಿಸಿ, ಈಗ ಕಾಣುತ್ತದಾ ಎಂದ. ಕಾಣುತ್ತಿತ್ತು. ಬಹಳ ಚೆನ್ನಾಗಿ ಕಾಣುತ್ತಿತ್ತು. ಅದಕ್ಕೇ ಅವಳಿಗೆ ಸಿಟ್ಟು ಮಾಡಲಿಕ್ಕೂ ಆಗಲಿಲ್ಲ.

ಆಗಲೇ ಶೇಖರ ಓಡಿಬಂದ. ಅವನು ಸೀನಿಗೆ ಬೇಕಾದ ಸಾಮಾನು ಹೊಂದಿಸುವವನು. ಬಾಡಿಗೆಗೆ ತಂದ ಗಾಲಿಕುರ್ಚಿಯ ಗಾಲಿ ಮುರಿದಿತ್ತು, ನಾಯಕ ಕೂರಬೇಕು, ಡೈರೆಕ್ಟರು ಕೂಗಾಡುತ್ತಿದ್ದಾರೆ. ಅವನ ಕಣ್ಣು ಖಾಲಿ ಕುರ್ಚಿಯ ಮೇಲೆ ಬಿತ್ತು. ಇಲ್ಲಿ ಒಂದು ಪದ್ಧತಿ ಹೇಳಬೇಕು. ಆ ಸ್ಟುಡಿಯೊದಲ್ಲಿ ಸೀನಿಗೆ ಏನು ಕಡಿಮೆಯಾದರೂ ಮೊದಲು ಓಡುವುದು ಕ್ಯಾಂಟೀನಿಗೆ. ಮೋನಪ್ಪನ ಬೆಂಚು, ಕೆಟಲು, ಹಿತ್ತಾಳೆಯ ಲೋಟ, ಒಂದು ಸಲ ಅವನ ಬೋರ್ಡು ಕೂಡ ತೆರೆಯ ಮೇಲೆ ಬಂದಿತ್ತು. ಬೇಡ ಎಂದವನಲ್ಲ ಅವನು. ಅದು ಅವನ ಹೆಮ್ಮೆ.

"ಮೋನಪ್ಪಣ್ಣ, ಈ ಕುರ್ಚಿ ಒಮ್ಮೆ ಕೊಡ್ತೀರಾ?" ಎಂದ ಶೇಖರ.

"ತೆಗೆದುಕೊಂಡು ಹೋಗು ಮಾರಾಯ. ಅದಕ್ಕೆ ಕೇಳುವುದೆಂತ," ಎಂದ ಮೋನಪ್ಪ.

ವಾರಿಜಾ ತಿರುಗಿ ನೋಡುವಷ್ಟರಲ್ಲಿ ಕುರ್ಚಿ ದೀಪಗಳ ಆಚೆ ಹೋಗಿಯಾಗಿತ್ತು. ಅಣ್ಣಾ ನನ್ನ ಕುರ್ಚಿ ಎಂದಳು. ಹತ್ತು ನಿಮಿಷ, ನಿನ್ನ ಕುರ್ಚಿ ಪಿಚ್ಚರಿನಲ್ಲಿ ಬರುತ್ತದೆ ಎಂದು ಮೋನಪ್ಪ ಬೀಗಿದ. ಶೂಟಿಂಗ್ ಶುರುವೆಂದು ಗಂಟೆ ಹೊಡೆಯಿತು, ಎಲ್ಲರೂ ಉಸಿರು ಹಿಡಿದರು, ನಾಯಕ ಅವಳ ಕುರ್ಚಿಯಲ್ಲಿ ಕೂತು ಸುಂದರವಾಗಿ ಅತ್ತ. ಒಂದು ಸಲ ಅತ್ತದ್ದು ಡೈರೆಕ್ಟರಿಗೆ ಸಾಲಲಿಲ್ಲ. ಮತ್ತೆ ಅತ್ತ, ಮತ್ತೂ ಅತ್ತ. ಗೋಡೆಯ ಗಡಿಯಾರ ಮೂರೂ ಹತ್ತಕ್ಕೆ ಬಂತು.

ಮೋನಪ್ಪ ಹೋಗಿ ಕುರ್ಚಿ ಕೇಳಿದ. ಶೇಖರ ತಲೆ ತುರಿಸಿಕೊಂಡ. ಸಾಮಾನು ಒಮ್ಮೆ ಕ್ಯಾಮರಾದಲ್ಲಿ ಬಂದರೆ ಸೀನು ಮುಗಿಯುವ ತನಕ ಅದನ್ನು ಕದಲಿಸುವಂತಿಲ್ಲ. ಕದಲಿಸಿದರೆ ತೆರೆಯ ಮೇಲೆ ಒಂದು ಕ್ಷಣ ಇಲ್ಲಿದ್ದ ಕುರ್ಚಿ ಮರುಕ್ಷಣ ಅಲ್ಲಿರುತ್ತದೆ, ನೋಡುವವರು ನಗುತ್ತಾರೆ. ಕಂಟಿನ್ಯುಟಿ ಎನ್ನುತ್ತಾರೆ ಅದಕ್ಕೆ. ಇನ್ನು ಆರು ಗಂಟೆಗೇ ಕುರ್ಚಿ ಸಿಗುವುದು.

ಮೋನಪ್ಪ ಪೆಚ್ಚಾಗಿ ಬಂದ. ಬಂದವನೇ ತನಗೆ ಗೊತ್ತಿದ್ದ ಒಂದೇ ಪರಿಹಾರ ಹೇಳಿದ, ಹೊತ್ತುಕೊಂಡು ಹೋಗುತ್ತೇನೆ. ಬೇಡ ಎಂದಳು ವಾರಿಜಾ. ಅವಳ ಕಣ್ಣು ಗಡಿಯಾರದ ಮೇಲೆ ಇತ್ತು. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಸೇವಂತಿ ಗಂಡನಿಗೆ ಗೊಣಗಿದಳು. ಆದರೆ ನಾದಿನಿಗೂ, ಇವತ್ತೊಂದು ದಿನ ಅವನ ಬೆನ್ನ ಮೇಲೆ ಹೋಗು, ದೊಡ್ಡವರ ಶೂಟಿಂಗಿನಲ್ಲಿ ನಮ್ಮದೆಂತ ಮಾತು ಎಂದಳು.

ಅಷ್ಟರಲ್ಲಿ ದೀಪದ ಕೆಲಸದ ಇಬ್ಬರು ಆಳುಗಳು ದಪ್ಪ ವೈರೊಂದನ್ನು ಎಳೆದುಕೊಂಡು ಬಂದರು. ವೈರು ಬೆಂಚಿನ ಕೆಳಗೆ ಹಾಯಬೇಕಿತ್ತು. ಅವರು ವಾರಿಜಾಳಿಗೆ ಏನೂ ಹೇಳಲಿಲ್ಲ. ಸೇವಂತಿಗೆ ಹಿಂದಿಯಲ್ಲಿ, ಬಾಯಿ ಜರಾ ಬಾಜೂ, ಅಮ್ಮಾ ಸ್ವಲ್ಪ ಪಕ್ಕಕ್ಕೆ, ಎಂದರು. ಸೇವಂತಿ ಸರಿದಳು. ಇಬ್ಬರೂ ಬೆಂಚಿನ ಎರಡು ತುದಿ ಹಿಡಿದು, ವಾರಿಜಾ ಸಮೇತ ಎತ್ತಿ, ಮೂರು ಮಾರು ಆಚೆ ಗೋಡೆಯ ಮೂಲೆಯಲ್ಲಿ, ಮುರಿದ ಬಾಡಿಗೆ ಕುರ್ಚಿಯ ಪಕ್ಕ ಇಳಿಸಿ, ಬೀಡಿ ಸೇದಲು ಹೋದರು.

ಅವರದ್ದು ಕೆಟ್ಟ ಬುದ್ಧಿಯಲ್ಲ, ಸಾಮಾನು ಸರಿಸುವುದು ಅವರ ಕೆಲಸ. ವಾರಿಜಾ ಬೆಂಚಿನ ಅಂಚು ಹಿಡಿದು ಕೂತಿದ್ದಳು, ಮುಖ ಬಿಳಿಚಿತ್ತು. ಸೇವಂತಿ ಓಡಿ ಅವಳ ಪಕ್ಕಕ್ಕೆ ಹೋದಳು. ಜನ ಪಾಪ ಎನ್ನುತ್ತಾರೆಂದು ಇಷ್ಟು ದಿನ ಹೆದರಿದ್ದವಳು ಅವಳು. ಜನ ಅದನ್ನೂ ಅನ್ನದೆ ಮನುಷ್ಯಳನ್ನು ಬೆಂಚಿನ ಲೆಕ್ಕಕ್ಕೆ ಹಾಕುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ. ಹಾಗೆ ಮೊದಲು ಎತ್ತಿ ಇಟ್ಟವರು ತಾವೇ ಎಂಬುದೂ ಅದೇ ಗಳಿಗೆಯಲ್ಲಿ ಅವಳಿಗೆ ತಿಳಿಯಿತು.

"ವಾರಿಜಾ," ಎಂದಳು ಸೇವಂತಿ, "ನೀನು ಕೇಳು. ನಿನ್ನ ಅಣ್ಣನ ಹತ್ತಿರ ಅಲ್ಲ. ಆ ಡೈರೆಕ್ಟರ ಹತ್ತಿರ ಕೇಳು. ಕುರ್ಚಿ ನಿನ್ನದು."

ಯಾರಿಗೂ ತೊಂದರೆ ಕೊಡಬಾರದು ಎಂಬುದನ್ನೇ ಪಾಠ ಮಾಡಿಕೊಂಡು ಬೆಳೆದವಳು ವಾರಿಜಾ. ಬೆಳಕಿನ ಆಚೆ ಐವತ್ತು ಮಂದಿ ಇದ್ದರು. ಈಗ ಬಾಯಿ ಬಿಡದಿದ್ದರೆ ನಾಲ್ಕು ಗಂಟೆ ದಾಟುತ್ತದೆ, ಮಾಸ್ತರ್ ಹೋಗುತ್ತಾನೆ, ತಾನು ಮತ್ತೆ ಪಡಸಾಲೆಯ ತುದಿಗೆ ಹೋಗಿ ನಿಲ್ಲುತ್ತೇನೆ, ಅಷ್ಟೆ. ಗಂಟೆ ಹೊಡೆದಿತ್ತು, ನಾಯಕ ಅಳುತ್ತಿದ್ದ. ಅವನು ಅತ್ತು ಮುಗಿಸುವ ತನಕ ಅವಳು ಕಾದಳು, ಬೇರೆಯವರ ಕೆಲಸ ಕೆಡಿಸುವುದು ಅವಳಿಗೆ ಬೇಡವಿತ್ತು. ಕಟ್ ಎಂಬ ಮಾತು ಕೇಳಿದ ಕೂಡಲೇ ಚಾಳಿನಲ್ಲಿ ಕಲಿತ ಹಿಂದಿಯಲ್ಲಿ, ಇಡೀ ಫ್ಲೋರಿಗೆ ಕೇಳುವಂತೆ ಹೇಳಿದಳು.

"ಸಾಹೇಬ್, ವೋ ಕುರ್ಸೀ ಮೇರೀ ಹೈ."

ಎಲ್ಲರೂ ಮೂಲೆಯ ಕಡೆ ತಿರುಗಿದರು. ಬಿಳಿ ಟೊಪ್ಪಿಯ ಡೈರೆಕ್ಟರು ಎದ್ದು ಬಂದರು. ಕುರ್ಚಿ ಕ್ಯಾಂಟೀನಿನದೆಂದು ಅವರು ತಿಳಿದಿದ್ದರು. ಅದರಲ್ಲಿ ಕೂರುವವರೊಬ್ಬರು ಇದ್ದಾರೆಂದು ಯಾರೂ ಹೇಳಿರಲಿಲ್ಲ. ಅವರು ಮರ್ಯಾದೆಯಿಂದಲೇ ಕಂಟಿನ್ಯುಟಿಯ ತೊಡಕು ವಿವರಿಸಿ, ಆರು ಗಂಟೆಯ ತನಕ ತಾಳಬಹುದೇ ಎಂದು ಕೇಳಿದರು. ವಾರಿಜಾಳಿಗೆ ಒಂದು ಕ್ಷಣ, ಆಗಲಿ ಎನ್ನಬೇಕೆನಿಸಿತು. ಆ ದಿನ ಅವಳನ್ನು ಕೇಳಿದ ಮೊದಲನೆಯ ಮನುಷ್ಯ ಅವರೇ. ಆದರೂ ಆಗುವುದಿಲ್ಲ ಎಂದಳು. ನಾಲ್ಕು ಗಂಟೆಯ ಒಳಗೆ ಉಡುಪು ವಿಭಾಗಕ್ಕೆ ಹೋಗಬೇಕು, ಅಲ್ಲಿ ತನ್ನ ಕೆಲಸದ ಮಾತಿದೆ, ಅದು ಮುಗಿದ ಕೂಡಲೇ ಕುರ್ಚಿಯನ್ನು ತಾನೇ ವಾಪಸು ತರುತ್ತೇನೆ ಎಂದಳು.

ಡೈರೆಕ್ಟರು ಗಡಿಯಾರ ನೋಡಿದರು. ಆಮೇಲೆ ಚಾಕ್‌ಪೀಸು ತರಿಸಿ, ಕುರ್ಚಿಯ ಗಾಲಿಗಳು ನಿಂತ ಜಾಗಕ್ಕೆಲ್ಲ ನೆಲದ ಮೇಲೆ ಗುರುತು ಹಾಕಿಸಿದರು. ಕುರ್ಚಿ ಬರುವ ತನಕ ಡಾಕ್ಟರ ಪಾತ್ರದವರ ಮುಖದ ಚಿತ್ರ ತೆಗೆಯೋಣ ಎಂದು ಕ್ಯಾಮರಾ ತಿರುಗಿಸಿದರು. ಆಗದು ಎಂದದ್ದು ಮೂರು ನಿಮಿಷದಲ್ಲಿ ಆಯಿತು. ಅಷ್ಟಕ್ಕೆ ಬೇಕಾಗಿದ್ದದ್ದು ಕೇಳುವ ಬಾಯಿ ಒಂದು, ಚಾಕ್‌ಪೀಸು ಒಂದು.

ಸೇವಂತಿಯ ಹೆಗಲು ಹಿಡಿದು ಬೆಂಚಿನಿಂದ ಕುರ್ಚಿಗೆ ಸರಿದು ಕೂತಾಗ ಮೂರೂ ಮೂವತ್ತೈದು. ಉಡುಪು ವಿಭಾಗ ಸ್ಟುಡಿಯೊದ ಆಚೆ ತುದಿಯಲ್ಲಿ. ವಾರಿಜಾ ಎರಡೂ ಕೈಯಿಂದ ಗಾಲಿಯ ಬಳೆ ತಿರುಗಿಸಿದಳು. ಮೋನಪ್ಪ ಹಿಂದಿನಿಂದ ಕೈ ಹಾಕಲು ಬಂದವನು, ಏನು ನೆನಪಾಯಿತೋ, ಕೈ ಹಿಂದಕ್ಕೆ ತೆಗೆದ. ಜಲ್ಲಿಕಲ್ಲಿನ ದಾರಿ ಬಂದಾಗ ಗಾಲಿ ಹೂತುಕೊಂಡಿತು. ಅಣ್ಣಾ, ಇಲ್ಲಿ ಸ್ವಲ್ಪ ದೂಡು ಎಂದಳು ಅವಳು. ಅವನು ದೂಡಿದ. ಜಲ್ಲಿ ಮುಗಿದ ಕೂಡಲೇ, ಸಾಕು ಎಂದಳು. ಬಿಟ್ಟ. ಮಾತು ಕೇಳಿ ದೂಡುವುದು ಇಷ್ಟು ಸುಲಭವೆಂದು ಅವನಿಗೂ ಗೊತ್ತಿರಲಿಲ್ಲ.

ಉಡುಪು ವಿಭಾಗದ ಬಾಗಿಲಿಗೆ ಎರಡು ಮೆಟ್ಟಿಲು. ಇಪ್ಪತ್ತೆರಡು ವರ್ಷದ ಅಭ್ಯಾಸ, ಮೋನಪ್ಪನ ಬೆನ್ನು ತಾನಾಗಿ ಬಾಗಿತು. ಬಾಗಿದವನು ಹಾಗೇ ನಿಂತು ತಂಗಿಯ ಮುಖ ನೋಡಿದ. ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು. ಅವನು ಲುಂಗಿ ಎತ್ತಿ ಕಟ್ಟಿ ಮೂರನೆಯ ಫ್ಲೋರಿಗೆ ಓಡಿದ. ಎಂಟು ವರ್ಷದಿಂದ ನನ್ನ ಸಾಮಾನೆಲ್ಲ ಎರವಲು ಒಯ್ದಿದ್ದೀಯ, ಇವತ್ತು ಕ್ಯಾಮರಾದ ಹಲಗೆ ಎರಡು ಕೊಡು ಎಂದು ಶೇಖರನ ಮುಂದೆ ನಿಂತ. ಶೇಖರ ಹಲಗೆಯ ಒಂದು ತುದಿ ತಾನೇ ಹೊತ್ತುಕೊಂಡು ಬಂದ.

ನೀಲಕಂಠಪ್ಪ ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುತ್ತಿದ್ದ. ಹಲಗೆಯ ಸದ್ದು ಕೇಳಿ ತಿರುಗಿದರೆ, ಬಾಗಿಲಲ್ಲಿ ಗಾಲಿಕುರ್ಚಿಯಲ್ಲಿ ಹೆಂಗಸೊಬ್ಬಳು. ಅವನಿಗೆ ಇದು ಗೊತ್ತಿರಲಿಲ್ಲ. ಮೋನಪ್ಪ ತಂಗಿಯ ಕೈಯ ಬಗ್ಗೆ ಹೇಳಿದ್ದನೇ ಹೊರತು ಕಾಲಿನ ಬಗ್ಗೆ ಅಲ್ಲ. ಧಾರವಾಡದ ಕಡೆಯ ಆ ಮನುಷ್ಯ ಮೋನಪ್ಪನ ಕಡೆ ನೋಡಿ ಕೇಳಿದ.

"ದಿನಾ ಬಂದು ಮಾಡಾಕ ಆಕ್ಕೈತೇನೋ ಈಕಿಗೆ?"

ಮೋನಪ್ಪನ ಬಾಯಿ ತೆರೆದಿತ್ತು. ತಂಗಿಯ ಪರವಾಗಿ ಉತ್ತರ ಹೇಳಿ ಹೇಳಿ ರೂಢಿಯಾದ ಬಾಯಿ. ಅದನ್ನು ಮುಚ್ಚಿ, ಮತ್ತೆ ತೆರೆದ.

"ಅವಳ ಹತ್ತಿರವೇ ಕೇಳಿ ಮಾಸ್ತರೇ. ಅವಳಿಗೆ ಗೊತ್ತುಂಟು."

ಮಾಸ್ತರ್ ವಾರಿಜಾಳ ಎದುರಿಗೆ ಸ್ಟೂಲು ಎಳೆದು ಕೂತ. ಅವಳು ಬಟ್ಟೆ ಬಿಡಿಸಿ ತೋರಿಸಿದಳು. ಅವನು ಒಂದು ನೃತ್ಯದ ರವಿಕೆ ಕೊಟ್ಟು, ಎಷ್ಟು ಗಟ್ಟಿಯಾಗಿ ಹೊಲಿದರೂ ಎರಡನೆಯ ದಿನಕ್ಕೆ ಚಮಕಿ ಉದುರುತ್ತದೆ, ಯಾಕೆ ಹೇಳು ಎಂದ. ವಾರಿಜಾ ಚಮಕಿಯ ಅಂಚಿನ ಮೇಲೆ ಬೆರಳಾಡಿಸಿದಳು. ಇದರ ತೂತಿನ ಅಂಚು ಚೂಪು, ಹುಡುಗಿಯರು ಕುಣಿದ ಹಾಗೆ ಅದೇ ದಾರವನ್ನು ಕೊಯ್ಯುತ್ತದೆ, ಎರಡೆಳೆ ಮಾಡಿ ದಾರಕ್ಕೆ ಮೇಣ ಹಚ್ಚಿ ಎಂದಳು. ಹೇಳಿದ್ದು ಸಾಲದೆಂದು ಅಲ್ಲೇ ಆರು ಚಮಕಿ ಹೊಲಿದು ತೋರಿಸಿದಳು. ಮಾಸ್ತರ್ ಎಳೆದು ನೋಡಿದ, ಉಗುರಿನಿಂದ ಕೆದಕಿ ನೋಡಿದ. ಬರಲಿಲ್ಲ.

"ಸೋಮವಾರದಿಂದ ಬಾರವಾ ತಂಗಿ. ಆ ಹಲಗಿ ತೆಗೀಬ್ಯಾಡ್ರಿ, ಅಲ್ಲೇ ಇರ್ಲಿ."

ಹೊರಡುವಾಗ ಮಾಸ್ತರ್ ತಮಾಷೆಗೆ, ಹೋದ ತಿಂಗಳಿನಿಂದ ನಿಮ್ಮ ಕರಾವಳಿ, ನಮ್ಮ ಧಾರವಾಡ, ಮೈಸೂರು ಎಲ್ಲ ಒಂದೇ ರಾಜ್ಯ ಆಗಿದೆ, ಇನ್ನು ನಿಮ್ಮವರನ್ನು ಬೇಡ ಎನ್ನಲಿಕ್ಕೆ ಬರುವುದಿಲ್ಲ ಎಂದ. ಸೇವಂತಿ ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು. ಫ್ಲೋರಿನ ಕಡೆ ಹಿಂದಿರುಗುವಾಗ ಅವಳು ನಾಲ್ಕು ಹೆಜ್ಜೆ ಹಿಂದೆ ಬರಲಿಲ್ಲ, ಕುರ್ಚಿಯ ಪಕ್ಕದಲ್ಲೇ ನಡೆದಳು. ದಾರಿಯಲ್ಲಿ ಸಿಕ್ಕ ಪರಿಚಯದವಳೊಬ್ಬಳು ಪಾಪ ಎಂದಾಗ, ಎಂತ ಪಾಪ, ಅವಳಿಗೆ ಸ್ಟುಡಿಯೊದಲ್ಲಿ ಕೆಲಸ ಸಿಕ್ಕಿತು ಎಂದಳು.

ಮಾತು ಕೊಟ್ಟಂತೆ ವಾರಿಜಾ ನಾಲ್ಕೂ ಹತ್ತಕ್ಕೆ ಮೂರನೆಯ ಫ್ಲೋರಿಗೆ ಬಂದಳು. ಚಾಕ್‌ಪೀಸಿನ ಗುರುತುಗಳು ನೆಲದ ಮೇಲೆ ಕಾಯುತ್ತಿದ್ದವು. ಶೇಖರ ಕುರ್ಚಿಯ ಹಿಡಿಗೆ ಕೈ ಚಾಚಿದ. ಮೋನಪ್ಪ ಅವನ ಕೈ ಹಿಡಿದು ತಡೆದ. ಆಮೇಲೆ ತಂಗಿಯ ಎದುರಿಗೆ, ಅವಳ ಕಣ್ಣಿನ ಮಟ್ಟಕ್ಕೆ, ಮೊಣಕಾಲೂರಿ ಕೂತ. ಅಷ್ಟೂ ವರ್ಷ ಅವಳನ್ನು ಹೊತ್ತ ಮನುಷ್ಯ ಮೊದಲ ಸಲ ಅವಳನ್ನು ಕೇಳಿದ.

"ವಾರಿಜಾ, ಇವರು ನಿನ್ನ ಕುರ್ಚಿ ಕೇಳುತ್ತಿದ್ದಾರೆ. ಕೊಡಬಹುದಾ?"

ವಾರಿಜಾ ಅಣ್ಣನ ಮುಖವನ್ನು ನೋಡಿದಳು. ಅವನ ಕಿವಿಯ ಹತ್ತಿರ ಕೂದಲು ಬೆಳ್ಳಗಾದದ್ದು ಅವಳಿಗೆ ಆಗ ಕಂಡಿತು. ಬೆನ್ನ ಮೇಲೆ ಕೂತವಳಿಗೆ ಮುಖ ಎಲ್ಲಿ ಕಾಣಬೇಕು. ಅವಳಿಗೆ ಅವನ ಮೇಲೆ ಬಹಳ ಪ್ರೀತಿ ಬಂತು.

"ಐದೂವರೆಯ ತನಕ ಕೊಡುವ," ಎಂದಳು. "ಆಮೇಲೆ ನನಗೆ ಮನೆಗೆ ಹೋಗಬೇಕು."

"ಹಾಗಾದರೆ ನಿನ್ನನ್ನು ಎತ್ತಲಾ?"

"ಎತ್ತು ಅಣ್ಣ."

ಅಕ್ಕಂದಿರೇ, ಅಣ್ಣಂದಿರೇ, ಕತೆ ಇಷ್ಟು. ವಾರಿಜಾಳಂಥವರು ನಮ್ಮ ಪ್ರತಿ ಚಾಳಿನಲ್ಲೂ ಇದ್ದಾರೆ. ಧಾರಾವಿಯಲ್ಲೂ ಇದ್ದಾರೆ, ಕುರ್ಲಾದಲ್ಲೂ ಇದ್ದಾರೆ, ಪರದೆಯ ಹಿಂದೆ, ಒಳಕೋಣೆಯ ಚಾಪೆಯ ಮೇಲೆ, ಪ್ರೀತಿಯಿಂದ ಬಚ್ಚಿಟ್ಟವರು. ಗಾಲಿಕುರ್ಚಿ ಇಲ್ಲದಿದ್ದರೆ ಹತ್ತಿರದ ಆಸ್ಪತ್ರೆಯಲ್ಲಿ ವಿಚಾರಿಸಿ, ನಾಚಿಕೆ ಬೇಡ. ಬಾಗಿಲಿಗೆ ಎರಡು ಹಲಗೆ ಹಾಕಿ. ಅವರು ಕೂರುವ ಕುರ್ಚಿಯನ್ನು ಅವರಿಂದ ದೂರ ಇಡಬೇಡಿ, ಅದರ ಮೇಲೆ ಬಟ್ಟೆ ಒಣಗಿಸಬೇಡಿ, ಕೇಳದೆ ಯಾರಿಗೂ ಕೊಡಬೇಡಿ. ಹೊರಗಿನವರು ಅವರ ವಿಷಯವನ್ನು ನಿಮ್ಮ ಹತ್ತಿರ ಕೇಳಿದರೆ, ಅವರನ್ನೇ ಕೇಳಿ ಎನ್ನಿ.

ಇವತ್ತೇ ಅವರ ಪಕ್ಕದಲ್ಲಿ ಹೋಗಿ ಕೂತುಕೊಳ್ಳಿ. ಎಲ್ಲಿಗೆ ಹೋಗಬೇಕೆಂದು ಆಸೆ ಎಂದು ಕೇಳಿ. ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ. ಬಹಳ ವರ್ಷ ಯಾರೂ ಕೇಳದೆ ಇದ್ದವರು ತಟ್ಟನೆ ಹೇಳುವುದಿಲ್ಲ.